ಚಳಿಗಾಲದ ಉಪ್ಪಿನಿಂದ ಅಲಾಯ್ ವೀಲ್ ಉಳಿಸುವುದು: ಎರಡನೇ ಸೆಟ್ಟೋ, ಕೋಟಿಂಗೋ, ಬರೀ ತೊಳೆಯುವುದೋ?

ಟೊರಾಂಟೊ, ಡೆಟ್ರಾಯ್ಟ್, ಷಿಕಾಗೊ, ಬಫಲೊ ಕಡೆಯ ಓದುಗರು ಅಕ್ಟೋಬರ್ ಬಂತೆಂದರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬೇಸಿಗೆಯಲ್ಲಿ ಆಸೆಪಟ್ಟು ಹಾಕಿಸಿದ ಆಫ್ಟರ್‌ಮಾರ್ಕೆಟ್ (ಗಾಡಿಯ ಜೊತೆ ಬಾರದ, ಹೊರಗೆ ಕೊಂಡ) ವೀಲ್‌ಗಳನ್ನು ರಸ್ತೆಯ ಉಪ್ಪಿನಿಂದ ಕಾಪಾಡುವುದು ಹೇಗೆ? ಸೆರಾಮಿಕ್ ಕೋಟಿಂಗ್ ಸಾಕೆ, ಪೌಡರ್ ಕೋಟಿಂಗ್ ಬೇಕೆ, ಅಥವಾ ಕಬ್ಬಿಣದ ವೀಲ್‌ಗಳ ಇನ್ನೊಂದು ಸೆಟ್ ಕೊಂಡು ಇವನ್ನು ಏಪ್ರಿಲ್‌ವರೆಗೆ ಎತ್ತಿಟ್ಟುಬಿಡಬೇಕೆ? ಉತ್ತರ ಮನೆಯಿಂದ ಮನೆಗೆ ಬದಲಾಗುತ್ತದೆ. ಆದರೆ ಒಂದು ವಿಷಯ ಎಲ್ಲರಿಗೂ ಅನ್ವಯ: ಉಪ್ಪು ವೀಲ್‌ನೊಳಗೆ ಇಳಿಯುವುದು ಬಣ್ಣದಲ್ಲಿ ಗಾಯವಾದ ಕಡೆ. ಆ ಗಾಯಗಳನ್ನು ಹುಡುಕಿ ಮುಚ್ಚದೆ ಮೇಲೆ ಏನು ಬಳಿಸಿದರೂ ದುಡ್ಡು ದಂಡ. ಕೆಳಗಿನ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆ.

ಉಪ್ಪು ಮಾಡುವ ಕೆಲಸ

ಅಲಾಯ್ ವೀಲ್‌ನ ಮುಖ್ಯ ಲೋಹವಾದ ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ತನ್ನ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಮಾಮೂಲಿ ಮಳೆನೀರಿಗೆ ಆ ಪದರ ಜಗ್ಗುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆದು ಒಳಗೆ ಗುಳಿ ತೋಡುತ್ತದೆ. ಹೊರಗೆ ಕಾಣುವುದು ಬಿಳಿ ಪುಡಿ, ಅದರಡಿ ಸೂಜಿಮೊನೆಯಂಥ ಕುಳಿಗಳು. ಕ್ಲಿಯರ್ ಕೋಟ್ (ಮೇಲಿನ ಪಾರದರ್ಶಕ ಪದರ) ಇರುವ ವೀಲ್‌ನಲ್ಲಿ ಇನ್ನೊಂದು ಬಗೆಯ ಹಾನಿಯೂ ಉಂಟು. ಕಲ್ಲು ಸಿಡಿದು ಆದ ಒಂದು ಚುಕ್ಕೆಯಿಂದ ಹೊರಟು, ಮರದ ಬಾಗಿಲಿನ ಬಣ್ಣದಡಿ ಗೆದ್ದಲು ಹರಿದಂತೆ, ಸವೆತ ಕೋಟಿನ ಅಡಿಯಲ್ಲೇ ಎಳೆ ಎಳೆಯಾಗಿ ಸಾಗುತ್ತದೆ. ಎಳೆಗಳು ಕಣ್ಣಿಗೆ ಬೀಳುವ ಹೊತ್ತಿಗೆ ಅಲ್ಲಿ ಕೋಟ್ ಲೋಹದಿಂದ ಬಿಟ್ಟಿರುತ್ತದೆ.

ರಸ್ತೆಗೆ ಸುರಿಯುವ ಉಪ್ಪು ಒಂದೇ ಬಗೆಯದಲ್ಲ. ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಅಡಿಗೆ ಉಪ್ಪೇ, ಸುಮಾರು ಮೈನಸ್ 9 ಡಿಗ್ರಿಯವರೆಗೆ ಚೆನ್ನಾಗಿ ಹಿಮ ಕರಗಿಸುತ್ತದೆ. ಒಂಟಾರಿಯೊದ ಗಾಡ್ರಿಚ್‌ನಲ್ಲಿ ಹ್ಯೂರಾನ್ ಸರೋವರದಡಿ ಸುಮಾರು 550 ಮೀಟರ್ ಆಳದಲ್ಲಿ ಇದರ ಗಣಿಯಿದೆ, ಡೆಟ್ರಾಯ್ಟ್ ನಗರದಡಿಯೂ ಇದೆ. ಮಹಾಸರೋವರಗಳ ಸುತ್ತಮುತ್ತ ಅಷ್ಟು ಧಾರಾಳವಾಗಿ ಸುರಿಯಲು ಅದೂ ಒಂದು ಕಾರಣ. ಚಳಿ ಇನ್ನೂ ಹೆಚ್ಚಿದರೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ವೀಲ್‌ಗೆ ನಿಜವಾದ ಶತ್ರುಗಳು ಇವೆರಡು. ಅಡಿಗೆ ಉಪ್ಪು ಗಾಳಿಯಿಂದ ನೀರು ಹೀರಿ ಕರಗಲು ತೇವಾಂಶ ಸುಮಾರು ಶೇ 75 ಇರಬೇಕು. ಇವಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಹಾಗಾಗಿ ರಸ್ತೆ ಒಣಗಿ ವಾರವಾದರೂ ಸ್ಪೋಕ್‌ಗಳ ಹಿಂಬದಿಯಲ್ಲಿ ಅಂಟಿದ ಪದರ ಒದ್ದೆಯಾಗಿಯೇ ಇದ್ದು ಕೆಲಸ ಮಾಡುತ್ತಿರುತ್ತದೆ.

ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ವೀಲ್ ಸುರಕ್ಷಿತ ಎಂಬ ನಂಬಿಕೆ ಇದಕ್ಕೇ ಉಲ್ಟಾ ಹೊಡೆಯುತ್ತದೆ. ಹೊರಗೆ ಮೈನಸ್ 12ರಲ್ಲಿ ಹೆಪ್ಪುಗಟ್ಟಿ ಸುಮ್ಮನಿದ್ದ ಉಪ್ಪುಹಿಮ ಒಳಗೆ 10 ಡಿಗ್ರಿಯಲ್ಲಿ ಕರಗಿ ಗಾಯಗಳೊಳಗೆ ಇಳಿಯುತ್ತದೆ, ಬಿಸಿ ಏರಿದಂತೆ ಸವೆತದ ವೇಗವೂ ಏರುತ್ತದೆ. ಗ್ಯಾರೇಜ್ ಬೇಡವೆಂದಲ್ಲ. ಉಪ್ಪು ಮೆತ್ತಿದ ಗಾಡಿಯನ್ನು ನೀರು ಹಾಯಿಸದೆ ಬೆಚ್ಚಗಿಡಬೇಡಿ, ಅಷ್ಟೆ.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ವೀಲ್‌ನ ಮೇಲ್ಮೈ ಎಂಥದ್ದು. ಪೂರ್ತಿ ಬಣ್ಣ ಅಥವಾ ಪೌಡರ್ ಕೋಟಿಂಗ್ ಇರುವ ವೀಲ್ ಎಲ್ಲಕ್ಕಿಂತ ಗಟ್ಟಿ. ಮುಖವನ್ನು ಲೇತ್‌ನಲ್ಲಿ ಕೊರೆದು ಹೊಳೆಯಿಸಿದ ಡೈಮಂಡ್ ಕಟ್ ವೀಲ್ ನೋಡಲು ಚೆಂದ, ಉಪ್ಪಿಗೆ ತೀರಾ ಮೃದು. ಅಲ್ಲಿ ಬರಿಯ ಲೋಹದ ಮೇಲೆ ತೆಳು ಕ್ಲಿಯರ್ ಕೋಟ್ ಬಿಟ್ಟರೆ ಪ್ರೈಮರೂ ಇಲ್ಲ, ಬಣ್ಣವೂ ಇಲ್ಲ. ಸ್ಪೋಕ್‌ನ ಚೂಪು ಅಂಚುಗಳಲ್ಲಿ ಆ ಕೋಟ್ ಇನ್ನೂ ತೆಳುವಾಗುತ್ತದೆ. ಬರಿಯ ಪಾಲಿಷ್ ಮಾಡಿದ ವೀಲ್‌ಗೆ ಅಷ್ಟೂ ಇಲ್ಲ. ಕ್ರೋಮ್ ಲೇಪದಲ್ಲಿ ಒಂದು ಸಣ್ಣ ರಂಧ್ರ ಬಿದ್ದರೆ ಸಾಕು, ಅಡಿಯ ಅಲ್ಯೂಮಿನಿಯಂ ಕೊರೆದು ಲೇಪ ಹಾಳೆಯಂತೆ ಏಳುತ್ತದೆ, ಎದ್ದ ಅಂಚು ಟೈರಿನ ಬೀಡನ್ನು (ವೀಲ್‌ಗೆ ಕೂರುವ ಟೈರಿನ ಒಳಅಂಚನ್ನು) ಕುಯ್ಯಲೂಬಹುದು. ಎರಡು ಮೂರು ತುಂಡುಗಳನ್ನು ಬೋಲ್ಟ್ ಮಾಡಿ ಜೋಡಿಸಿದ ವೀಲ್‌ಗಳಲ್ಲಿ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆ ಉಪ್ಪುನೀರು ನಿಂತರೆ, ಬ್ಯಾಟರಿಯಲ್ಲಾಗುವ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ಕರಗುತ್ತದೆ. ಮೆಗ್ನೀಸಿಯಂ ವೀಲ್ ಇದ್ದವರು ಈ ಹೋಲಿಕೆಯನ್ನು ಓದುವ ಅಗತ್ಯವೇ ಇಲ್ಲ, ಅದನ್ನು ಉಪ್ಪಿನ ರಸ್ತೆಗೆ ಇಳಿಸಲೇಬಾರದು.

ಎರಡನೆಯದು, ಚಳಿಗಾಲದ ಟೈರ್ ಹೇಗಿದ್ದರೂ ಹಾಕುತ್ತೀರಾ? ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಲ್ಲ, ಆದರೆ ಹಾಕಿದವರಿಗೆ 2016ರಿಂದ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವಾಗ ಪರ್ವತ ಮತ್ತು ಹಿಮದ ಹರಳಿನ ಗುರುತಿರುವ ಟೈರ್ ಬೇಕೇಬೇಕು. ಹಾಕುವುದು ಖಚಿತವಾದರೆ ಎರಡನೇ ಸೆಟ್ ವೀಲ್‌ನ ಲೆಕ್ಕವೇ ಬದಲಾಗುತ್ತದೆ.

ಮೂರನೆಯದು ಜಾಗ. ನಾಲ್ಕು ಚಕ್ರ ಪೇರಿಸಿಡಲು ಮುಕ್ಕಾಲು ಮೀಟರ್ ಚೌಕ ಜಾಗ, ಸುಮಾರು ಒಂದು ಮೀಟರ್ ಎತ್ತರ ಸಾಕು. ಕಾಂಡೊದಲ್ಲಿ (ಅಪಾರ್ಟ್‌ಮೆಂಟಿನಲ್ಲಿ) ಇರುವವರಿಗೆ ಅದೂ ಕಷ್ಟವೇ. ಜೊತೆಗೆ, ಜನವರಿಯಲ್ಲಿ ವಾರಕ್ಕೊಮ್ಮೆ ತೊಳೆಯಲು ಹತ್ತಿರದಲ್ಲಿ ಸೌಕರ್ಯವಿದೆಯೇ, ಗಾಡಿಯನ್ನು ಇನ್ನೆಷ್ಟು ಚಳಿಗಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ಯೋಚಿಸಿ. ಖರ್ಚು ಎಷ್ಟು ಎಂಬುದನ್ನು ಕೊನೆಗೆ ಕೇಳಿ. ಮೊದಲೇ ಕೇಳಿದವರು ಸಾಮಾನ್ಯವಾಗಿ ಅಗ್ಗದ್ದನ್ನು ಆರಿಸಿ ಎರಡು ವರ್ಷದಲ್ಲಿ ದುಪ್ಪಟ್ಟು ಕೊಡುತ್ತಾರೆ.

ಚಳಿಗಾಲಕ್ಕೆ ಬೇರೆಯೇ ಸೆಟ್

ಡೈಮಂಡ್ ಕಟ್, ಪಾಲಿಷ್, ಕ್ರೋಮ್, ಬೋಲ್ಟ್ ಜೋಡಣೆಯ ವೀಲ್ ಇದ್ದರೆ ಇದೊಂದೇ ಪೂರ್ಣ ರಕ್ಷಣೆ. ಉಳಿದ ಯಾವ ಉಪಾಯವೂ ಇವುಗಳ ಮಟ್ಟಿಗೆ ಹಾನಿಯನ್ನು ಮುಂದೂಡುತ್ತದೆ, ತಡೆಯುವುದಿಲ್ಲ.

ಹಣದ ಲೆಕ್ಕ ಹೀಗೆ. ಒಂದೇ ಸೆಟ್ ವೀಲ್ ಇಟ್ಟುಕೊಂಡು ವರ್ಷಕ್ಕೆರಡು ಸಲ ಟೈರ್ ಬದಲಿಸಿದರೆ, ಪ್ರತಿ ಸಲ ನಾಲ್ಕು ಟೈರ್ ಕಳಚಿ, ಹಾಕಿ, ಬ್ಯಾಲೆನ್ಸ್ ಮಾಡಲು ಉತ್ತರ ಅಮೆರಿಕದಲ್ಲಿ ಸುಮಾರು 100 ಡಾಲರ್ ಅಥವಾ ಅದಕ್ಕೂ ಹೆಚ್ಚು ಬೀಳುತ್ತದೆ. 16 ಇಂಚಿನ ಕಬ್ಬಿಣದ ವೀಲ್ ಒಂದಕ್ಕೆ ಅಂದಾಜು 70ರಿಂದ 100 ಡಾಲರ್. ಚಕ್ರ ಬದಲಿಸುವುದನ್ನು ಮನೆಯಲ್ಲೇ ಮಾಡಿಕೊಂಡರೆ ಎರಡು ಮೂರು ಚಳಿಗಾಲದಲ್ಲಿ ವೀಲ್‌ಗಳ ಬೆಲೆ ಹುಟ್ಟುತ್ತದೆ. ಟೈರ್ ಕಳಚುವ ಯಂತ್ರದ ತುಟಿ ವರ್ಷಕ್ಕೆರಡು ಬಾರಿ ನಿಮ್ಮ ಅಲಾಯ್‌ನ ಅಂಚಿಗೆ ತಾಗುವುದೂ ತಪ್ಪುತ್ತದೆ. ಅಂಚಿನ ಆ ಗೀರುಗಳೇ ಮುಂದೆ ಉಪ್ಪಿನ ಬಾಗಿಲು.

ಕಬ್ಬಿಣದ ವೀಲ್‌ಗೂ ತುಕ್ಕು ಹಿಡಿಯುತ್ತದೆ, ಬಹುಬೇಗ ಹಿಡಿಯುತ್ತದೆ. ಆದರೆ ತಂತಿ ಬ್ರಷ್‌ನಿಂದ ಕೆರೆದು, ಪ್ರೈಮರ್ ಹೊಡೆದು, ಕಪ್ಪು ಬಣ್ಣ ಬಳಿದರೆ ಮುಗಿಯಿತು. ಗುಂಡಿಗೆ ಬಿದ್ದರೆ ಸಾಮಾನ್ಯವಾಗಿ ಬಾಗುತ್ತದೆ, ಅಲಾಯ್‌ನಂತೆ ಸೀಳುವುದು ಅಪರೂಪ. ತೊಂದರೆ ಇರುವುದು ತೂಕದಲ್ಲಿ ಮತ್ತು ಬ್ರೇಕ್‌ನಲ್ಲಿ. ದೊಡ್ಡ ಕ್ಯಾಲಿಪರ್ (ಬ್ರೇಕ್ ಡಿಸ್ಕ್ ಅನ್ನು ಹಿಡಿಯುವ ಭಾಗ) ಇರುವ ಸ್ಪೋರ್ಟ್ ಮಾದರಿಗಳಿಗೆ ಕಬ್ಬಿಣದ ಸಣ್ಣ ವೀಲ್ ಹತ್ತುವುದೇ ಇಲ್ಲ. ಅಂಥ ಗಾಡಿಗೆ ಪೂರ್ತಿ ಬಣ್ಣ ಹಚ್ಚಿದ ಸಾದಾ ಅಲಾಯ್ ಹುಡುಕಿ. ಜರ್ಮನಿಯಲ್ಲಿ ವೀಲ್ ಮಾರುವವರು ಯಾವ ಫಿನಿಷ್ ಚಳಿಗಾಲಕ್ಕೆ ತಕ್ಕದ್ದೆಂದು ಗುರುತು ಹಾಕಿಯೇ ಮಾರುತ್ತಾರೆ. ಡೈಮಂಡ್ ಕಟ್ ಮಾದರಿಗಳು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನೊಂದು ಸುಳಿವೆಂದು ತೆಗೆದುಕೊಳ್ಳಿ. ಹಳೆಯ ಗಾಡಿಯಿಂದ ಕಳಚಿದ ಕಂಪನಿಯ ಮೂಲ ಅಲಾಯ್‌ಗಳು ಗುಜರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಗಾಡಿಯ ಜೊತೆಗೇ ಬಂದ ವೀಲ್‌ಗಳನ್ನು ಇನ್ನೂ ಮಾರಿಲ್ಲವಾದರೆ ಮಾರಬೇಡಿ. ಚಳಿಗಾಲದ ಸೆಟ್ ನಿಮ್ಮ ಬಳಿಯೇ ಇದೆ.

ಅಳತೆ ಒಂದು ಇಂಚು ಎರಡು ಇಂಚು ಇಳಿಸಿ, ಟೈರಿನ ಪಕ್ಕೆ ಎತ್ತರಿಸುವುದು ವಾಡಿಕೆ. ಉದಾಹರಣೆಗೆ 225/40 ಆರ್18 ಟೈರಿನ ಹೊರವ್ಯಾಸ ಸುಮಾರು 637 ಮಿಲಿಮೀಟರ್. 205/55 ಆರ್16ರದ್ದು ಸುಮಾರು 632. ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ, ಸ್ಪೀಡೋಮೀಟರ್‌ಗೆ ಗೊತ್ತೂ ಆಗದು. ಅಗಲ ಕಿರಿದಾದ ಟೈರ್ ಕೆಸರುಹಿಮವನ್ನು ಸೀಳಿಕೊಂಡು ಹೋಗುತ್ತದೆ, ಪಕ್ಕೆ ಎತ್ತರವಿದ್ದಷ್ಟು ಗುಂಡಿಯ ಪೆಟ್ಟು ವೀಲ್‌ಗೆ ತಟ್ಟುವುದು ಕಡಿಮೆ, 16 ಇಂಚಿನ ಟೈರ್ 18ರದ್ದಕ್ಕಿಂತ ಅಗ್ಗ. ಕ್ಯಾಲಿಪರ್‌ಗೆ ಎಡೆ ಇದೆಯೇ ಎಂದು ಮಾತ್ರ ಕೊಳ್ಳುವ ಮುನ್ನ ಖಚಿತ ಮಾಡಿಕೊಳ್ಳಿ.

ಕೊಳ್ಳುವಾಗ ಜನ ಎಡವುವುದು ಸಣ್ಣ ಭಾಗಗಳಲ್ಲಿ. ನಟ್‌ನ ಕೂರುವ ಮುಖ ಮೂರು ಬಗೆ: 60 ಡಿಗ್ರಿ ಶಂಕು, ಗುಂಡು, ಚಪ್ಪಟೆ. ಹೋಂಡಾದ ಮೂಲ ವೀಲ್‌ಗಳು ಗುಂಡು ಮುಖದವು, ಆಫ್ಟರ್‌ಮಾರ್ಕೆಟ್ ವೀಲ್‌ಗಳು ಬಹುತೇಕ ಶಂಕು. ಒಂದಕ್ಕೆ ಇನ್ನೊಂದರ ನಟ್ ಹಾಕಿದರೆ ಬಿಗಿಯಾದಂತೆ ತೋರಿ ದಾರಿಯಲ್ಲಿ ಸಡಿಲಾಗುತ್ತದೆ. ಆದ್ದರಿಂದ ಎರಡನೇ ಸೆಟ್‌ಗೆ ಎರಡನೇ ಸೆಟ್ ನಟ್ ಬೇಕಾಗಬಹುದು. ವೀಲ್‌ನ ನಡುವಿನ ರಂಧ್ರ ಹಬ್‌ಗಿಂತ (ಗಾಡಿಯಲ್ಲಿ ವೀಲ್ ಕೂರುವ ಭಾಗಕ್ಕಿಂತ) ದೊಡ್ಡದಿದ್ದರೆ ನಡುವೆ ಹಬ್ ರಿಂಗ್ ಹಾಕಬೇಕು. ಉಪ್ಪಿನ ನಾಡಿನಲ್ಲಿ ಪ್ಲಾಸ್ಟಿಕ್ ರಿಂಗ್ ಕೊಳ್ಳಿ. ಅಲ್ಯೂಮಿನಿಯಂ ರಿಂಗ್ ವಸಂತದ ಹೊತ್ತಿಗೆ ಸ್ಟೀಲ್ ಹಬ್‌ಗೆ ಬೆಸೆದುಕೊಂಡಿರುತ್ತದೆ.

ಟೈರಿನ ಗಾಳಿ ತೋರಿಸುವ ಸೆನ್ಸರ್ ಇನ್ನೊಂದು ಖರ್ಚು. ಅಮೆರಿಕದಲ್ಲಿ 2008ರ ಮಾದರಿಯಿಂದ ಈಚೆಗಿನ ಕಾರುಗಳಲ್ಲಿ ಈ ವ್ಯವಸ್ಥೆ ಕಡ್ಡಾಯ. ವೀಲ್‌ನೊಳಗೆ ಸೆನ್ಸರ್ ಇರುವ ಗಾಡಿಯಾದರೆ ಚಳಿಗಾಲದ ಸೆಟ್‌ಗೂ ನಾಲ್ಕು ಬೇಕು, ಒಂದಕ್ಕೆ ಅಂದಾಜು 30ರಿಂದ 60 ಡಾಲರ್. ಹಳೆಯ ಸೆನ್ಸರ್‌ನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿಸಿದರೆ ಪ್ರತಿ ಋತುವಿನಲ್ಲಿ ಗಾಡಿಗೆ ಮತ್ತೆ ಕಲಿಸುವ ಕೆಲಸ ತಪ್ಪುತ್ತದೆ. ಹೋಂಡಾ, ಮಾಜ್ದಾ, ಫೋಕ್ಸ್‌ವ್ಯಾಗನ್‌ಗಳ ಕೆಲವು ಮಾದರಿಗಳು ಎಬಿಎಸ್ ಮೂಲಕವೇ ಗಾಳಿ ಕಡಿಮೆಯಾದದ್ದನ್ನು ಅಂದಾಜಿಸುತ್ತವೆ. ಅವಕ್ಕೆ ಸೆನ್ಸರ್ ಬೇಡ, ರೀಸೆಟ್ ಗುಂಡಿ ಒತ್ತಿದರೆ ಸಾಕು. ಲೋಹದ ವಾಲ್ವ್ ಇರುವ ಸೆನ್ಸರ್ ಆದರೆ ಒಳಗಿನ ಪಿನ್ ನಿಕಲ್ ಲೇಪದ್ದೇ ಇರಲಿ, ಟೋಪಿ ಪ್ಲಾಸ್ಟಿಕ್‌ನದ್ದಿರಲಿ. ಹಿತ್ತಾಳೆ ಪಿನ್ ಮತ್ತು ಲೋಹದ ಟೋಪಿ ಉಪ್ಪಿನಲ್ಲಿ ಅಲ್ಯೂಮಿನಿಯಂ ಕಾಂಡಕ್ಕೆ ಕಚ್ಚಿಕೊಂಡು, ತಿರುಗಿಸಿದರೆ ಕಾಂಡವೇ ಮುರಿಯುತ್ತದೆ.

ಪೌಡರ್ ಕೋಟಿಂಗ್ ಮಾಡಿಸುವುದು

ವೀಲ್ ಒಂದೇ ಸೆಟ್, ವರ್ಷವಿಡೀ ಅದೇ ಓಡಬೇಕು, ಇನ್ನೂ ನಾಲ್ಕೈದು ವರ್ಷ ಗಾಡಿ ಇಟ್ಟುಕೊಳ್ಳುತ್ತೀರಿ ಎಂದಾದರೆ ಇದು ಒಳ್ಳೆಯ ಆಯ್ಕೆ. ಪುಡಿಯನ್ನು ವಿದ್ಯುತ್ ಆವೇಶದಿಂದ ಅಂಟಿಸಿ ಒಲೆಯಲ್ಲಿ ಸುಟ್ಟಾಗ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪದ ಗಟ್ಟಿ ಕವಚವಾಗುತ್ತದೆ. ಸಣ್ಣ ಕಲ್ಲುಗಳ ಪೆಟ್ಟನ್ನು ಅದು ಮಾಮೂಲಿ ಬಣ್ಣಕ್ಕಿಂತ ಚೆನ್ನಾಗಿ ತಡೆಯುತ್ತದೆ. ಖರ್ಚು ವೀಲ್‌ಗೆ ಅಂದಾಜು 100ರಿಂದ 200 ಡಾಲರ್, ಟೈರ್ ಕಳಚಿ ಹಾಕುವುದು ಬೇರೆ. ಡೈಮಂಡ್ ಕಟ್ ವೀಲ್‌ನ ಹೊಳಪು ಇದರಡಿ ಹೋಗಿಬಿಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಮತ್ತೆ ಲೇತ್‌ಗೆ ಹಾಕಿಸಿ ಹೊಳೆಯಿಸಬಹುದು, ಆದರೆ ಪ್ರತಿ ಸಲ ಲೋಹ ಕಳೆದುಹೋಗುವುದರಿಂದ ಅದು ಒಂದೆರಡು ಬಾರಿಗಷ್ಟೇ ಸಾಧ್ಯ.

ಕೆಲಸದ ಗುಣಮಟ್ಟ ಅಂಗಡಿಯಿಂದ ಅಂಗಡಿಗೆ ಅಜಗಜಾಂತರ. ಒಪ್ಪಿಸುವ ಮುನ್ನ ನಾಲ್ಕು ಮಾತು ಕೇಳಿ. ಹಳೆಯ ಬಣ್ಣವನ್ನು ಪೂರ್ತಿ ತೆಗೆಯುತ್ತೀರಾ? ಒಳಗಿನ ಸವೆತ ಉಳಿಸಿಕೊಂಡು ಮೇಲೆ ಪುಡಿ ಹಾಕಿದರೆ ವರ್ಷದೊಳಗೆ ಗುಳ್ಳೆ ಏಳುತ್ತದೆ. ಪುಡಿ ಹಾಕುವ ಮೊದಲು ವೀಲ್ ಅನ್ನು ಬಿಸಿ ಮಾಡಿ ಒಳಗಿನ ಗಾಳಿ ಹೊರಗೆ ಬಿಡಿಸುತ್ತೀರಾ? ಎರಕದ ಅಲ್ಯೂಮಿನಿಯಂನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಈ ಹಂತ ಬಿಟ್ಟರೆ ಸುಡುವಾಗ ಕೋಟಿನಲ್ಲಿ ಸೂಜಿರಂಧ್ರ ಬೀಳುತ್ತದೆ. ನಟ್ ಕೂರುವ ಜಾಗ, ಹಬ್‌ಗೆ ತಾಗುವ ಹಿಂಬದಿ, ನಡುರಂಧ್ರ ಇವನ್ನು ಮುಚ್ಚಿ ಪುಡಿ ಹಾಕುತ್ತೀರಾ? ಇದು ಸುರಕ್ಷತೆಯ ಪ್ರಶ್ನೆ. ದಪ್ಪ ಕೋಟಿನ ಮೇಲೆ ಬಿಗಿದ ನಟ್, ಕೋಟ್ ನಲುಗಿದಂತೆ ಬಿಗಿ ಕಳೆದುಕೊಳ್ಳುತ್ತದೆ. ಕೊನೆಯದು, ಒಲೆಯ ತಾಪ ಮತ್ತು ಸಮಯ. ಸುಮಾರು 180ರಿಂದ 200 ಡಿಗ್ರಿಯಲ್ಲಿ ಮಿತ ಹೊತ್ತು ಸುಡುವುದು ವಾಡಿಕೆ. ಶಾಖ ಕೊಟ್ಟು ಬಲಪಡಿಸಿದ ಅಲ್ಯೂಮಿನಿಯಂ ಇದಕ್ಕೂ ಹೆಚ್ಚು ತಾಪದಲ್ಲಿ ಹೆಚ್ಚು ಹೊತ್ತು ಇದ್ದರೆ ಅಥವಾ ಮತ್ತೆ ಮತ್ತೆ ಸುಟ್ಟರೆ ಬಲ ಕಳೆದುಕೊಳ್ಳುತ್ತದೆ. ಬಣ್ಣ ಸುಟ್ಟು ತೆಗೆಯುತ್ತೇವೆ ಎನ್ನುವ ಅಂಗಡಿಯಿಂದ ಹೊರಬನ್ನಿ.

ಬಿರುಕು ಬಿಟ್ಟಾಗ ಪೌಡರ್ ಕೋಟಿಂಗೂ ಉಳಿದವುಗಳಂತೆಯೇ: ನೀರು ಅಡಿಗೆ ಇಳಿದರೆ ಕೋಟ್ ಹಾಳೆಯಾಗಿ ಏಳುತ್ತದೆ. ಕರ್ಬ್‌ಗೆ ಉಜ್ಜಿದ ಜಾಗವನ್ನು ಹಾಗೇ ಬಿಡಬಾರದು.

ಸೆರಾಮಿಕ್ ಕೋಟಿಂಗ್, ಸೀಲಂಟ್, ಮೇಣ

ಜಾಹೀರಾತುಗಳು ಇದನ್ನೇ ಹೆಚ್ಚು ಮಾರುತ್ತವೆ, ಓದುಗರ ಗೊಂದಲವೂ ಇಲ್ಲೇ ಹೆಚ್ಚು. ಸೆರಾಮಿಕ್ ಪದರದ ದಪ್ಪ ಒಂದೆರಡು ಮೈಕ್ರಾನ್. ಕಲ್ಲಿನ ಪೆಟ್ಟನ್ನು ಅದು ತಡೆಯಲಾರದು, ಈಗಾಗಲೇ ಆದ ಗಾಯವನ್ನು ಮುಚ್ಚಲಾರದು. ಅದರಿಂದಾಗುವ ಉಪಕಾರ ಬೇರೆ. ಬ್ರೇಕ್ ಧೂಳು ಮತ್ತು ಉಪ್ಪಿನ ಕೆಸರು ಗಟ್ಟಿಯಾಗಿ ಅಂಟುವುದಿಲ್ಲ, ನೀರು ಹಾಯಿಸಿದರೆ ಜಾರುತ್ತದೆ. ಆರು ತಿಂಗಳು ವಾರವಾರ ತೊಳೆಯುವವರಿಗೆ ಇದು ದೊಡ್ಡ ಅನುಕೂಲ. ತೊಳೆಯದವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ವೃತ್ತಿಪರರಿಂದ ನಾಲ್ಕೂ ವೀಲ್‌ಗೆ ಕಳಚಿ ಹಾಕಿಸಿದರೆ ಅಂದಾಜು 200ರಿಂದ 500 ಡಾಲರ್. ಮನೆಯಲ್ಲೇ ಹಚ್ಚುವ ಸಣ್ಣ ಬಾಟಲಿ 50ರಿಂದ 80 ಡಾಲರ್‌ಗೆ ಸಿಗುತ್ತದೆ, 30 ಮಿಲಿಲೀಟರ್ ನಾಲ್ಕು ವೀಲ್‌ಗಳ ಒಳ ಹೊರ ಎರಡಕ್ಕೂ ಸಾಕಾಗುತ್ತದೆ. ವೀಲ್ ಕಳಚಲೇಬೇಕು. ಕಳಚದೆ ಮುಂದಿನ ಮುಖಕ್ಕಷ್ಟೇ ಹಚ್ಚಿಸಿದರೆ ಉಪ್ಪು ಕೂರುವ ಒಳಪೀಪಾಯಿ (ಸ್ಪೋಕ್‌ಗಳ ಹಿಂದಿನ ಕೊಳವೆಯಂಥ ಭಾಗ) ಹಾಗೇ ಉಳಿಯುತ್ತದೆ. ಐರನ್ ರಿಮೂವರ್‌ನಿಂದ ಬ್ರೇಕ್ ಧೂಳು ತೆಗೆದು, ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಆಮೇಲೆ ಕೋಟಿಂಗ್. 10 ಡಿಗ್ರಿಗಿಂತ ಚಳಿಯಲ್ಲಿ ಹಚ್ಚಬೇಡಿ, ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ನೀರು ತಾಗಿಸಬೇಡಿ. ಹೀಗಾಗಿ ಈ ಕೆಲಸಕ್ಕೆ ಅಕ್ಟೋಬರ್ ಆರಂಭವೇ ಕೊನೆಯ ಅವಕಾಶ. ಒಂದು ಚಳಿಗಾಲ ದಾಟಿದ ಮೇಲೆ ನೀರು ಮಣಿಯಾಗಿ ಉರುಳುವುದು ನಿಂತಿದ್ದರೆ ಮತ್ತೆ ಹಚ್ಚಬೇಕು.

ಸ್ಪ್ರೇ ಸೀಲಂಟ್ ಅದೇ ಕೆಲಸವನ್ನು ಕಡಿಮೆ ಕಾಲ, ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಆರೆಂಟು ವಾರಕ್ಕೊಮ್ಮೆ ಹೊಡೆಯಬೇಕಾಗುತ್ತದೆ. ಕಾರ್ನೂಬಾ ಮೇಣ ಬ್ರೇಕಿನ ಬಿಸಿಗೆ ಬೇಗ ಹೋಗುತ್ತದೆ, ವೀಲ್‌ಗೆ ಅದನ್ನು ಕೊಳ್ಳಬೇಡಿ. ಯಾವುದನ್ನೇ ಹೊಡೆಯಲಿ, ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಬೀಳಬಾರದು. ಗಾಡಿಯಡಿಗೆ ಹೊಡೆಯುವ ಲ್ಯಾನೊಲಿನ್ ಎಣ್ಣೆಯ ಸ್ಪ್ರೇಯನ್ನು ವೀಲ್‌ನ ಒಳಬದಿಗೂ ಹೊಡೆಯುವವರಿದ್ದಾರೆ. ಅದು ಚಿಮ್ಮಿ ಬ್ರೇಕಿಗೆ ತಾಗುವ ಅಪಾಯವಿರುವುದರಿಂದ ನಾವು ಬೇಡವೆನ್ನುತ್ತೇವೆ.

ಸುಲಿದು ತೆಗೆಯುವ ರಬ್ಬರ್ ಸ್ಪ್ರೇ

ಐದಾರು ಪದರ ಹೊಡೆದರೆ ಒಂದು ಚಳಿಗಾಲ ನಿಲ್ಲುತ್ತದೆ, ವಸಂತದಲ್ಲಿ ಸಿಪ್ಪೆಯಂತೆ ಬರುತ್ತದೆ. ಎರಡು ಮೂರು ಪದರಕ್ಕೇ ನಿಲ್ಲಿಸಿದರೆ ಚೂರುಚೂರಾಗಿ ಹರಿದು ಜೀವ ತಿನ್ನುತ್ತದೆ. ನಮ್ಮ ಆಕ್ಷೇಪ ಬೇರೆ: ಅಂಚು ಒಂದು ಕಡೆ ಎದ್ದರೆ ಉಪ್ಪುನೀರು ಒಳಗೆ ಸೇರಿ ಅಲ್ಲೇ ನಿಲ್ಲುತ್ತದೆ, ತೊಳೆದರೂ ಹೋಗುವುದಿಲ್ಲ. ಗಾಯವಿಲ್ಲದ ಹೊಸ ವೀಲ್‌ಗೆ, ಒಂದೇ ಚಳಿಗಾಲಕ್ಕೆ ಪರವಾಗಿಲ್ಲ. ಹಳೆಯ ವೀಲ್‌ಗೆ ಬೇಡ.

ಬರೀ ತೊಳೆದು ನೋಡಿಕೊಳ್ಳುವುದು

ಪೂರ್ತಿ ಬಣ್ಣದ, ಗಾಯವಿಲ್ಲದ ವೀಲ್‌ಗೆ ಇದು ಸಾಕು. ಗಂಭೀರವಾಗಿಯೇ ಹೇಳುತ್ತಿದ್ದೇವೆ. ಉಪ್ಪು ಕರಗಲು ಬಿಸಿನೀರು ಬೇಕಿಲ್ಲ, ಅಡಿಗೆ ಉಪ್ಪು ತಣ್ಣೀರಿನಲ್ಲೂ ಬಿಸಿನೀರಿನಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುತ್ತದೆ. ಬೇಕಾದ್ದು ಧಾರಾಳ ನೀರು, ಅದೂ ಸ್ಪೋಕ್‌ಗಳ ಹಿಂದೆ, ಒಳಪೀಪಾಯಿಗೆ, ನಟ್‌ಗಳ ಗುಂಡಿಗೆ. ಉಪ್ಪಿಗೆ ಅಡಿಗೆ ಸೋಡಾ ಹಾಕಿ ತೊಳೆಯಿರಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ರಸ್ತೆಯ ಉಪ್ಪು ಆಮ್ಲವಲ್ಲ, ಸೋಡಾ ಅದಕ್ಕೇನೂ ಮಾಡದು.

ವಾರ ಹತ್ತು ದಿನಕ್ಕೊಮ್ಮೆ, ಜೊತೆಗೆ ಹಿಮಪಾತ ಮುಗಿದು ರಸ್ತೆ ಒಣಗಿದ ಮೊದಲ ದಿನ, ತಾಪಮಾನ ಸೊನ್ನೆಯ ಆಸುಪಾಸಿರುವಾಗ, ನಾಣ್ಯ ಹಾಕುವ ಸ್ವಯಂಸೇವಾ ವಾಷ್‌ಗೆ ಹೋಗಿ. ಪ್ರತಿ ಚಕ್ರಕ್ಕೆ ಒಂದು ನಿಮಿಷ ಒತ್ತಡದ ನೀರು ಬಿಡಿ, ನಳಿಗೆ ಒಂದಡಿ ದೂರವಿರಲಿ. ತೀರಾ ಹತ್ತಿರ ಹಿಡಿದರೆ ಸಡಿಲಾದ ಕೋಟಿನಡಿಗೆ ನೀರು ನುಗ್ಗುತ್ತದೆ. ಬ್ರಷ್ ಇಲ್ಲದ ಯಂತ್ರದ ವಾಷ್‌ಗಳು ಕೊಳೆ ತೆಗೆಯಲು ತೀಕ್ಷ್ಣ ಕ್ಷಾರ, ಕೆಲವೊಮ್ಮೆ ಆಮ್ಲ ಬಳಸುತ್ತವೆ. ಬಣ್ಣದ ವೀಲ್ ತಡೆದುಕೊಳ್ಳುತ್ತದೆ, ಬರಿಯ ಅಲ್ಯೂಮಿನಿಯಂ ಮತ್ತು ಗಾಯವಾದ ಡೈಮಂಡ್ ಕಟ್ ಎರಡಕ್ಕೂ ಅವು ಉಪ್ಪಿಗಿಂತ ಬೇಗ ಹಾನಿ ಮಾಡಬಲ್ಲವು. ಆಮ್ಲದ ವೀಲ್ ಕ್ಲೀನರ್‌ಗಳಿಂದಲೂ ದೂರವಿರಿ.

ಗ್ಯಾರೇಜ್ ಇದ್ದರೆ ಒತ್ತಡದ ನೀರಿನ ನಂತರ ಮನೆಗೆ ಬಂದು, 10 ಲೀಟರ್ ನೀರಿಗೆ 40 ಮಿಲಿಲೀಟರ್ ರಿನ್ಸ್‌ಲೆಸ್ ವಾಷ್ ದ್ರಾವಣ ಬೆರೆಸಿ ಮೃದು ಬ್ರಷ್‌ನಿಂದ ಒರೆಸಬಹುದು, ಮತ್ತೆ ನೀರು ಸುರಿಯಬೇಕಿಲ್ಲ. 1:256 ಅಳತೆಯ ದ್ರಾವಣಗಳಿಗೆ ಈ ಲೆಕ್ಕ, ಬಾಟಲಿ ಮೇಲಿನ ಅಳತೆ ಬೇರೆಯಿದ್ದರೆ ಅದನ್ನೇ ಅನುಸರಿಸಿ. ಮರಳು ಅಂಟಿರುವಾಗ ನೇರ ಒರೆಸಿದರೆ ಗೀರು ಬೀಳುವುದು ಖಂಡಿತ.

ನವೆಂಬರ್‌ಗೆ ಮುಂಚೆ ಗಾಯಗಳನ್ನು ಹುಡುಕುವುದು ಈ ಆಯ್ಕೆಯ ಅರ್ಧಭಾಗ. ಒಂದು ಟಾರ್ಚ್ ಓರೆಯಾಗಿ ಹಿಡಿದು ಅಂಚು, ಸ್ಪೋಕ್, ವಾಲ್ವ್ ಸುತ್ತ ನೋಡಿ. ಕಲ್ಲೇಟಿನ ಚುಕ್ಕೆಯನ್ನು 800 ನಂಬರಿನ ಉಜ್ಜುಕಾಗದದಿಂದ ಅಂಚು ತೆಳುವಾಗಿಸಿ, ಆಲ್ಕೊಹಾಲ್‌ನಿಂದ ಒರೆಸಿ, ಎಚ್ ಪ್ರೈಮರ್ (ಬರಿಯ ಲೋಹಕ್ಕೆ ಕಚ್ಚುವ ತಳಬಣ್ಣ), ಬಣ್ಣ, ಕ್ಲಿಯರ್ ಕೋಟ್ ಕ್ರಮವಾಗಿ ಹಚ್ಚಿ. ಬಿಳಿ ಎಳೆಗಳು ಈಗಾಗಲೇ ಹರಿದಿದ್ದರೆ ಮೇಲೆ ಬಣ್ಣ ಹಚ್ಚುವುದು ಬೇಡ, ಸವೆತ ಅಡಿಯಲ್ಲಿ ಮುಂದುವರಿಯುತ್ತದೆ. ಎಳೆ ಮುಗಿದು ಶುದ್ಧ ಲೋಹ ಸಿಗುವವರೆಗೆ ಕೆರೆಯಬೇಕು. ಟೈರ್ ಅಂಗಡಿಯವರಿಗೆ ಅಂಚಿಗೆ ಕಚ್ಚಿಸುವ ಬ್ಯಾಲೆನ್ಸ್ ತೂಕ ಬೇಡ, ಒಳಗೆ ಅಂಟಿಸುವ ತೂಕ ಹಾಕಿ ಎಂದು ಹೇಳಿ. ಕಚ್ಚುವ ಕ್ಲಿಪ್‌ನಡಿ ಕೋಟ್ ಸವೆದು, ಮುಂದೆ ಟೈರ್ ಕೂರುವ ಬೀಡ್ ಜಾಗಕ್ಕೆ ಸವೆತ ಇಳಿಯುತ್ತದೆ. ವಾರಕ್ಕೆ ಎರಡು ಮೂರು ಪಿಎಸ್‌ಐ ಗಾಳಿ ಇಳಿಯುತ್ತ, ಟೈರಿನಲ್ಲಿ ಮೊಳೆ ಸಿಗದಿದ್ದರೆ ಕಾರಣ ಬಹಳ ಸಲ ಇದೇ. ಚಳಿಯಿಂದಲೂ ಗಾಳಿ ಇಳಿಯುತ್ತದೆ, ಸುಮಾರು ಐದೂವರೆ ಡಿಗ್ರಿ ಕುಸಿತಕ್ಕೆ 1 ಪಿಎಸ್‌ಐ. ಅದನ್ನು ಕಳೆದು ಲೆಕ್ಕ ಹಾಕಿ.

ಯಾರಿಗೆ ಯಾವುದು

ಮೂರು ವರ್ಷದ ಲೀಸ್‌ನಲ್ಲಿರುವವರು ಆಫ್ಟರ್‌ಮಾರ್ಕೆಟ್ ವೀಲ್ ಹಾಕಿದ್ದರೆ ಕಂಪನಿಯ ಮೂಲ ವೀಲ್‌ಗಳನ್ನು ಹೇಗೂ ಹಿಂತಿರುಗಿಸಬೇಕು. ಹಾಗೆಂದು ಅವನ್ನೇ ಚಳಿಗಾಲಕ್ಕೆ ಹಾಕಿದರೆ ಕೊನೆಯಲ್ಲಿ ಹಾನಿಯ ಬಿಲ್ ಬರಬಹುದು. ಇಂಥವರಿಗೆ ಹಳೆಯ ಕಬ್ಬಿಣದ ಸೆಟ್ ಒಳ್ಳೆಯದು, ಲೀಸ್ ಮುಗಿದ ಮೇಲೆ ಟೈರ್ ಸಮೇತ ಮಾರಬಹುದು. ಮಿಸ್ಸಿಸಾಗದ ಕಾಂಡೊದಲ್ಲಿ ಇದ್ದು ಎತ್ತಿಡಲು ಜಾಗವಿಲ್ಲದವರು ಟೈರ್ ಅಂಗಡಿಗಳಲ್ಲಿ ಋತುವಿಡೀ ಇಟ್ಟುಕೊಳ್ಳುವ ಸೌಲಭ್ಯದ ಬಾಡಿಗೆ ವಿಚಾರಿಸಿ. ಪೌಡರ್ ಕೋಟಿಂಗ್‌ನ ಖರ್ಚನ್ನು ವರ್ಷಗಳಿಗೆ ಹಂಚಿ ಅದರೊಡನೆ ಹೋಲಿಸಿದರೆ ನಿಮ್ಮ ಉತ್ತರ ಸಿಗುತ್ತದೆ. ಮೊದಲ ಚಳಿಗಾಲದ ವಿದ್ಯಾರ್ಥಿ, ಕೈಯಲ್ಲಿ ಹಳೆಯ ಕೊರೊಲಾ, ಅದರಲ್ಲಿ ಹಿಂದಿನ ಮಾಲೀಕ ಹಾಕಿದ ಬಣ್ಣದ ಅಲಾಯ್: ತೊಳೆಯಿರಿ, ಸೀಲಂಟ್ ಹೊಡೆಯಿರಿ, ಉಳಿದ ದುಡ್ಡನ್ನು ಒಳ್ಳೆಯ ಚಳಿಗಾಲದ ಟೈರ್‌ಗೆ ಹಾಕಿ. ಗ್ಯಾರೇಜ್ ಇರುವ ಮನೆ, ದುಬಾರಿ ಡೈಮಂಡ್ ಕಟ್ ಅಥವಾ ಫೋರ್ಜ್ಡ್ ಪಾಲಿಷ್ ವೀಲ್: ಎರಡನೇ ಸೆಟ್, ಬೇರೆ ಯೋಚನೆಯೇ ಬೇಡ. ವೀಲ್ ತಯಾರಕರ ವಾರಂಟಿ ಕಾಗದವನ್ನೂ ಓದಿ, ಹಲವರು ಪಾಲಿಷ್ ಮತ್ತು ಕ್ರೋಮ್ ಫಿನಿಷ್‌ಗೆ ಉಪ್ಪಿನ ಹಾನಿಯನ್ನು ಹೊರಗಿಟ್ಟಿರುತ್ತಾರೆ.

ಮಂಗಳೂರು, ಮಲ್ಪೆ, ಕಾರವಾರದ ಓದುಗರಿಗೂ ಇದರಲ್ಲಿ ಒಂದಿಷ್ಟು ಪಾಲಿದೆ. ಕಡಲಗಾಳಿಯ ಕ್ಲೋರೈಡ್ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಅಲ್ಲಿ ಎರಡನೇ ಸೆಟ್ ಬೇಕಿಲ್ಲ, ಮರಳಿನ ಮೇಲೆ ಗಾಡಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು, ಗಾಯಗಳನ್ನು ಮುಚ್ಚಿಸಿಕೊಂಡರೆ ಸಾಕು.

ಬದಲಿಸುವಾಗ, ಎತ್ತಿಡುವಾಗ

ಚಳಿಗಾಲದ ಸೆಟ್ ಹಾಕುವ ದಿನ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಬೆಳ್ಳಗೆ ಮಾಡಿ, ನಡುವಿನ ಉಬ್ಬಿಗೆ ಮಾತ್ರ ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರಿ. ಸ್ಟಡ್‌ಗಳ ಹಲ್ಲಿಗೆ, ನಟ್ ಕೂರುವ ಜಾಗಕ್ಕೆ ತಾಗಿಸಬೇಡಿ, ಜಾರುವ ಹಲ್ಲಿನಲ್ಲಿ ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಸ್ಪಾನರ್) ತೋರುವ ಅಂಕಿಗಿಂತ ಹೆಚ್ಚು ಬಿಗಿಯಾಗುತ್ತದೆ. ನಕ್ಷತ್ರಾಕಾರದಲ್ಲಿ, ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ, ಸಾಮಾನ್ಯ ಕಾರುಗಳಲ್ಲಿ ಅದು 100ರಿಂದ 140 ನ್ಯೂಟನ್ ಮೀಟರ್ ನಡುವೆ. 80ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ವಸಂತದಲ್ಲಿ ವೀಲ್ ಹಬ್‌ಗೆ ಕಚ್ಚಿಕೊಂಡಿದ್ದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ನಟ್‌ಗಳನ್ನು ಎರಡು ಮೂರು ಸುತ್ತು ಸಡಿಲಿಸಿ ಹಾಗೇ ಬಿಟ್ಟು, ರಬ್ಬರ್ ಸುತ್ತಿಗೆಯಿಂದ ಟೈರಿನ ಪಕ್ಕೆಗೆ ಒಂದರ ನಂತರ ಒಂದು ಬದಿಯಲ್ಲಿ ಹೊಡೆಯಿರಿ. ವೀಲ್‌ನ ಮುಖಕ್ಕೆ ಹೊಡೆಯಬೇಡಿ, ಗಾಡಿಯಡಿಗೆ ಕೈಹಾಕಬೇಡಿ.

ಬೇಸಿಗೆಯ ಸೆಟ್ ಎತ್ತಿಡುವ ಮುನ್ನ ಒಳಹೊರಗೆ ತೊಳೆದು ಪೂರ್ತಿ ಒಣಗಿಸಿ, ಸೀಲಂಟ್ ಒಂದು ಪದರ ಹಚ್ಚಿ. ಮೊದಲ ಹಿಮದ ನಂತರ ಕಳಚಿದ್ದಾದರೆ ತೊಳೆಯುವುದನ್ನು ಮರುದಿನಕ್ಕೆ ಬಿಡಬೇಡಿ, ಉಪ್ಪು ಮೆತ್ತಿಕೊಂಡೇ ಐದು ತಿಂಗಳು ಮೂಲೆಯಲ್ಲಿ ಕೂತ ವೀಲ್ ರಸ್ತೆಯಲ್ಲಿ ಓಡಿದ್ದಕ್ಕಿಂತ ಹೆಚ್ಚು ಕೆಡುತ್ತದೆ. ಒಳಗೆ ಸೀಮೆಸುಣ್ಣದಿಂದ ಮುಂದಿನ ಎಡ, ಮುಂದಿನ ಬಲ ಎಂದು ಗುರುತು ಹಾಕಿ. ಟೈರ್ ಸಮೇತದ ವೀಲ್‌ಗಳನ್ನು ಮಲಗಿಸಿ ಪೇರಿಸಿ, ನಡುವೆ ರಟ್ಟಿನ ತುಂಡು ಇಡಿ. ವೀಲ್ ಇಲ್ಲದ ಬರಿಯ ಟೈರ್‌ಗಳನ್ನಾದರೆ ನಿಲ್ಲಿಸಿಡಬೇಕು. ನೀರು ಒಸರುವ ಕಾಂಕ್ರೀಟ್ ನೆಲದ ಮೇಲೆ ನೇರ ಇಡುವ ಬದಲು ಹಲಗೆಯ ಮೇಲಿಡಿ. ಕುಲುಮೆ, ಕಂಪ್ರೆಸರ್, ದೊಡ್ಡ ಮೋಟಾರ್‌ಗಳ ಪಕ್ಕ ಬೇಡ, ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರಿಯಿಸುತ್ತದೆ.